ಸರ್ವರ್ ನಿಂತರೆ ನಿಮ್ಮ ಸ್ವಿಚ್ ಕೆಲಸ ಮಾಡುತ್ತಾ?

 

ಇವತ್ತು ಒಂದು ಮೋಟರ್ ಕಥೆಯಿಂದ ಶುರು ಮಾಡ್ತೀನಿ. ಕಾರಿನ ಮೋಟರ್ ಅಲ್ಲ, ಬೋರ್‌ವೆಲ್ ಮೋಟರ್.

ಹೋದ ವರ್ಷ ಏಪ್ರಿಲ್. ಬೆಳಿಗ್ಗೆ ಐದೂವರೆಗೆ ಊರಿಂದ ಅಪ್ಪನ ಫೋನ್. ಆ ಹೊತ್ತಲ್ಲಿ ಊರಿಂದ ಫೋನ್ ಬಂದ್ರೆ ಎದೆ ಧಸಕ್ ಅನ್ನುತ್ತೆ, ನಿಮಗೂ ಗೊತ್ತು. ಎತ್ತಿದೆ. "ಮಗಾ, ಮೋಟ್ರು ಆನ್ ಆಗ್ತಿಲ್ಲ ಕಣೋ. ಮೊಬೈಲಲ್ಲಿ ಏನೋ ಇಂಗ್ಲಿಷಲ್ಲಿ ತೋರುಸ್ತೈತೆ" ಅಂದ್ರು. ಸ್ಕ್ರೀನ್‌ಶಾಟ್ ತೆಗೆಯೋದು ಅಪ್ಪನಿಗೆ ಬರಲ್ಲ. ಅಮ್ಮನ ಫೋನಲ್ಲಿ ಅಪ್ಪನ ಫೋನಿನ ಫೋಟೋ ತೆಗೆದು ವಾಟ್ಸಾಪ್ ಮಾಡಿದ್ರು. ಸರ್ವರ್ ಸಿಗುತ್ತಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಅಂತ ಬರೆದಿತ್ತು.

ನಮ್ಮೂರು ತಿಪಟೂರು ಕಡೆ. ತೋಟ ಮನೆಯಿಂದ ಒಂದು ಕಿಲೋಮೀಟರ್ ದೂರ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಕೊಡೋದು ದಿನಕ್ಕೆ ಏಳು ಗಂಟೆ, ಅದರಲ್ಲೂ ಸ್ವಲ್ಪ ರಾತ್ರಿ, ಸ್ವಲ್ಪ ಹಗಲು. ರಾತ್ರಿ ಎರಡು ಗಂಟೆಗೆ ಎದ್ದು, ಟಾರ್ಚ್ ಹಿಡ್ಕೊಂಡು, ಹಾವು ಹುಳ ನೋಡ್ಕೊಂಡು ತೋಟಕ್ಕೆ ಹೋಗಿ ಮೋಟರ್ ಹಾಕೋದು ಅಪ್ಪನ ಇಪ್ಪತ್ತೈದು ವರ್ಷದ ಕೆಲಸ. ಆ ನಡಿಗೆ ತಪ್ಪಿಸೋಣ ಅಂತ ನಾನೇ ಒಂದು ಸ್ಮಾರ್ಟ್ ಕಂಟ್ರೋಲರ್ ತಂದು ಹಾಕಿಸಿದ್ದೆ. ಕಂಪನಿ ಹೆಸರು ಹೇಳಲ್ಲ. ಆ್ಯಪ್ ಚೆನ್ನಾಗಿತ್ತು. ಕರೆಂಟ್ ಬಂದ್ರೆ ನೋಟಿಫಿಕೇಶನ್, ಒಂದು ಬಟನ್ ಒತ್ತಿದ್ರೆ ಮೋಟರ್ ಆನ್. ಅಪ್ಪ ಊರಲ್ಲೆಲ್ಲ ತೋರಿಸ್ಕೊಂಡು ಓಡಾಡಿದ್ರು.

ಈಗ ಆ ಆ್ಯಪ್ ಸತ್ತಿದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. "ನಾಳೆ ಸರಿ ಹೋಗುತ್ತೆ ಸರ್" ಅಂದ್ರು. ಮಾರನೇ ದಿನವೂ ಅದೇ ಮಾತು. ಅಷ್ಟರಲ್ಲಿ ಅಪ್ಪ ಕೇಳಿದ್ರು, "ಎಲೆಕ್ಟ್ರಿಷಿಯನ್ ಕರ್ಸಿ ಡಬ್ಬಿ ಬಿಚ್ಚುಸ್ಲಾ? ಹಳೇ ಸ್ಟಾರ್ಟ್ರು ಇನ್ನೂ ಐತೆ." ನಾನು ಕಂಪನಿಯವರನ್ನ ಕೇಳಿದೆ. ಬಿಚ್ಚಿದ್ರೆ ವಾರಂಟಿ ಹೋಗುತ್ತೆ ಅಂದ್ರು. ನಾನು ಅಪ್ಪನಿಗೆ ಹೇಳಿದೆ, "ಮುಟ್ಬೇಡಿ ಅಪ್ಪ, ನಾಳೆ ಸರಿ ಹೋಗುತ್ತಂತೆ."

ಐದು ದಿನ. ಏಪ್ರಿಲ್ ಬಿಸಿಲು. ಆ ವರ್ಷ ಹೊಸದಾಗಿ ನಲವತ್ತು ಅಡಿಕೆ ಸಸಿ ನೆಟ್ಟಿದ್ವಿ. ಬಿಂದಿಗೇಲಿ ಎಷ್ಟು ಅಂತ ಹೊರ್ತಾರೆ? ಹನ್ನೊಂದು ಸಸಿ ಒಣಗಿ ಹೋದವು. ಆರನೇ ದಿನ ಅಪ್ಪ ನನ್ನ ಕೇಳಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಡಬ್ಬಿ ಕಿತ್ತು ಹಾಕಿಸಿ, ಹಳೇ ಸ್ಟಾರ್ಟರ್ ಕೂರಿಸಿದ್ರು. ಇಪ್ಪತ್ತು ನಿಮಿಷದ ಕೆಲಸ. ಆ ಕಂಪನಿಯ ಸರ್ವರ್ ಮತ್ತೆ ಬರಲೇ ಇಲ್ಲ.

ಬೋರ್‌ವೆಲ್ಲಲ್ಲಿ ನೀರಿತ್ತು. ಕರೆಂಟ್ ಬರ್ತಿತ್ತು. ಮೋಟರ್ ಸರಿಯಾಗಿತ್ತು. ಡಬ್ಬಿಯೂ ಕೆಟ್ಟಿರಲಿಲ್ಲ. ಎಲ್ಲೋ ಒಂದು ಕಂಪ್ಯೂಟರ್ ಆಫ್ ಆಗಿತ್ತು, ಅಷ್ಟಕ್ಕೆ ನಮ್ಮ ತೋಟಕ್ಕೆ ನೀರಿಲ್ಲ. ಯಾಕೆ ಹೀಗಾಗುತ್ತೆ, ಇದಕ್ಕೆ ನಾವು ಏನು ಮಾಡಬಹುದು, ಇವತ್ತಿನ ಮಾತು ಅದೇ.

ಮೊದಲು, ಈ ಸ್ಮಾರ್ಟ್ ಸಾಮಾನುಗಳು ಕೆಲಸ ಮಾಡೋದು ಹೇಗೆ ಅಂತ ನೋಡೋಣ. ನೀವು ಸೋಫಾ ಮೇಲೆ ಕೂತು ಫೋನಲ್ಲಿ ಬಲ್ಬ್ ಆನ್ ಮಾಡ್ತೀರ. ಬಲ್ಬ್ ಹತ್ತಡಿ ದೂರದಲ್ಲಿದೆ. ಎರಡೂ ಒಂದೇ ವೈಫೈನಲ್ಲಿವೆ. ಆದ್ರೂ ಬಹಳಷ್ಟು ಬಲ್ಬ್‌ಗಳಲ್ಲಿ ಆ ಸಂದೇಶ ನಿಮ್ಮ ಫೋನಿಂದ ಹೊರಟು, ರೂಟರ್ ದಾಟಿ, ಸಿಂಗಾಪುರಕ್ಕೋ ಅಮೆರಿಕಕ್ಕೋ ಹೋಗಿ, ಅಲ್ಲಿ ಕಂಪನಿಯ ಸರ್ವರ್‌ಗೆ ನಮಸ್ಕಾರ ಹೇಳಿ, ವಾಪಸ್ ನಿಮ್ಮ ಮನೆಗೇ ಬಂದು ಬಲ್ಬ್ ಹಚ್ಚುತ್ತೆ. ಪಕ್ಕದ ಮನೆಗೆ ಹೆಪ್ಪಿಗೆ ಮೊಸರು ಕೇಳೋಕೆ ಬೆಂಗಳೂರಿಗೆ ಹೋಗಿ ಬಂದ ಹಾಗೆ.

ಇದು ಬರೀ ದಡ್ಡತನ ಅನ್ಕೋಬೇಡಿ, ಕಾರಣ ಇದೆ. ನಮ್ಮಲ್ಲಿ ಬಹಳಷ್ಟು ಮೊಬೈಲ್ ಮತ್ತು ಬ್ರಾಡ್‌ಬ್ಯಾಂಡ್ ಕನೆಕ್ಷನ್‌ಗಳಿಗೆ ಇಂಟರ್ನೆಟ್‌ನಲ್ಲಿ ಸ್ವಂತ ವಿಳಾಸ ಇರಲ್ಲ. ನೂರಾರು ಮನೆಗಳು ಒಂದೇ ವಿಳಾಸ ಹಂಚಿಕೊಂಡಿರುತ್ತವೆ. ಇದಕ್ಕೆ ಸಿಜಿ-ನ್ಯಾಟ್ ಅಂತಾರೆ. ಅಪಾರ್ಟ್‌ಮೆಂಟ್‌ಗೆ ಗೇಟ್ ಅಡ್ರೆಸ್ ಇದೆ, ಆದ್ರೆ ಫ್ಲಾಟ್ ನಂಬರ್ ಯಾರಿಗೂ ಗೊತ್ತಿಲ್ಲ ಅನ್ಕೊಳ್ಳಿ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ನೇರವಾಗಿ ನಿಮ್ಮ ಬಾಗಿಲಿಗೆ ಬರೋಕಾಗಲ್ಲ. ಹಾಗಾಗಿ ಡಿವೈಸೇ ತಾನಾಗಿ ಹೊರಗಿನ ಸರ್ವರ್‌ಗೆ ಫೋನ್ ಮಾಡಿ, ಲೈನ್ ಕಟ್ ಮಾಡದೆ ಹಿಡ್ಕೊಂಡಿರುತ್ತೆ. ನಿಮ್ಮ ಆ್ಯಪ್ ಆ ಸರ್ವರ್‌ಗೆ ಹೇಳುತ್ತೆ, ಸರ್ವರ್ ಡಿವೈಸ್‌ಗೆ ಹೇಳುತ್ತೆ. ಕಂಪನಿಗೂ ಇದು ಸುಲಭ: ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಲಾಗಿನ್ ಆಗಿ, ಮುಗೀತು. ನಮ್ಮಪ್ಪನಂಥವರಿಗೂ ಬಳಸೋಕಾಗುತ್ತೆ. ಈ ಸುಖವನ್ನ ನಾನು ಹೀಗಳೆಯಲ್ಲ.

ಆದ್ರೆ ನಾನು ಓದಿದ್ದು ಬಿ.ಕಾಂ. ನನಗೆ ಕಾಣೋದು ಲೆಕ್ಕ. ನೀವು ಒಂದು ಬಲ್ಬ್‌ಗೆ ಒಂದು ಸಲ ದುಡ್ಡು ಕೊಡ್ತೀರ. ಕಂಪನಿಗೆ ಅದು ಒಂದು ಸಲದ ಆದಾಯ. ಆದ್ರೆ ನಿಮ್ಮ ಬಲ್ಬ್ ಬದುಕಿರೋವರೆಗೂ ಕಂಪನಿ ಸರ್ವರ್ ಬಾಡಿಗೆ ಕಟ್ಟಬೇಕು, ಸೆಕ್ಯುರಿಟಿ ಅಪ್‌ಡೇಟ್ ಕೊಡಬೇಕು, ಎಂಜಿನಿಯರ್‌ಗೆ ಸಂಬಳ ಕೊಡಬೇಕು. ಖರ್ಚು ಪ್ರತಿ ತಿಂಗಳು ಬರುತ್ತೆ. ಇದು ಹೊಸ ಮಾರಾಟ ಏರುತ್ತಾ ಇರೋವರೆಗೂ ನಡೆಯುತ್ತೆ, ಹೊಸ ಗಿರಾಕಿಯ ದುಡ್ಡಲ್ಲಿ ಹಳೇ ಗಿರಾಕಿಯ ಸರ್ವರ್ ಓಡುತ್ತೆ. ಮಾರಾಟ ನಿಂತ ದಿನ ಕಂಪನಿ ಮುಂದೆ ಮೂರ್ನಾಲ್ಕೇ ದಾರಿ: ತಿಂಗಳ ಚಂದಾ ಕೇಳೋದು, ನಿಮ್ಮ ಡೇಟಾದಿಂದ ದುಡ್ಡು ಮಾಡೋದು, ಬೇರೆ ಕಂಪನಿಗೆ ಮಾರಿಕೊಳ್ಳೋದು, ಇಲ್ಲಾ ಸರ್ವರ್ ಆಫ್ ಮಾಡೋದು. ಇದರಲ್ಲಿ ಯಾರೂ ಕೆಟ್ಟವರಾಗಿರಬೇಕಿಲ್ಲ. ಲೆಕ್ಕವೇ ಹಾಗಿದೆ.

ಇದು ಬರೀ ಚಿಕ್ಕಪುಟ್ಟ ಕಂಪನಿಗಳ ಕಥೆ ಅನ್ಕೋಬೇಡಿ. ಅಮೆರಿಕದಲ್ಲಿ ರಿವಾಲ್ವ್ ಅಂತ ಒಂದು ಸ್ಮಾರ್ಟ್ ಹೋಮ್ ಹಬ್ ಇತ್ತು, ಬೆಲೆ 300 ಡಾಲರ್. ಜೀವನಪರ್ಯಂತ ಚಂದಾ ಸೇರಿದೆ ಅಂತ ಹೇಳಿಯೇ ಮಾರಿದ್ರು. 2014ರಲ್ಲಿ ಗೂಗಲ್‌ನ ನೆಸ್ಟ್ ಅದನ್ನ ಕೊಂಡಿತು. 2016ರ ಮೇ 15ಕ್ಕೆ ಸರ್ವರ್ ನಿಲ್ಲಿಸಿತು. ಹಬ್ ಅವತ್ತಿಂದ ಒಂದು ಇಟ್ಟಿಗೆ. ಜೀವನಪರ್ಯಂತ ಅಂದ್ರೆ ಯಾರ ಜೀವನ ಅಂತ ಜನ ಆಮೇಲೆ ಕೇಳಿದ್ರು.

ವಿಂಕ್ ಅಂತ ಇನ್ನೊಂದು. 2020ರ ಮೇ ತಿಂಗಳಲ್ಲಿ, ಇನ್ಮೇಲೆ ತಿಂಗಳಿಗೆ 4.99 ಡಾಲರ್ ಕಟ್ಟಿ, ಇಲ್ಲಾಂದ್ರೆ ನಿಮ್ಮ ಡಿವೈಸ್ ನಿಮ್ಮ ಮಾತು ಕೇಳಲ್ಲ ಅಂತು. ಕೊಟ್ಟ ಗಡುವು ಒಂದೇ ವಾರ. ಜನ ಬೈದ ಮೇಲೆ ದಿನಾಂಕ ಮುಂದಕ್ಕೆ ಹೋಯ್ತು, ಚಂದಾ ಹೋಗಲಿಲ್ಲ.

ಸ್ಪಾಟಿಫೈ ಕಾರಿಗೆ ಅಂತ ಕಾರ್ ಥಿಂಗ್ ಅನ್ನೋ ಪುಟ್ಟ ಸ್ಕ್ರೀನ್ ಮಾರಿತ್ತು. 2024ರ ಡಿಸೆಂಬರ್ 9ಕ್ಕೆ ಅದನ್ನ ಪೂರ್ತಿ ನಿಲ್ಲಿಸ್ತು. ಬೆಲ್ಕಿನ್ ಕಂಪನಿ ತನ್ನ ವೀಮೋ ಸ್ಮಾರ್ಟ್ ಪ್ಲಗ್‌ಗಳಲ್ಲಿ ಹೆಚ್ಚಿನವಕ್ಕೆ 2026ರ ಜನವರಿ 31ಕ್ಕೆ ಕ್ಲೌಡ್ ಸೇವೆ ನಿಲ್ಲುತ್ತೆ ಅಂತ 2025ರ ಜುಲೈನಲ್ಲಿ ಘೋಷಿಸಿತು. ಆದ್ರೆ ಇಲ್ಲಿ ಒಂದು ಸ್ವಾರಸ್ಯ ಇದೆ. ಅದೇ ಪ್ಲಗ್‌ಗಳನ್ನ ಆ್ಯಪಲ್ ಹೋಮ್‌ಕಿಟ್‌ಗೆ ಮೊದಲೇ ಜೋಡಿಸಿಟ್ಟವರಿಗೆ ಅವು ಮುಂದೆಯೂ ಕೆಲಸ ಮಾಡುತ್ತವೆ ಅಂತಲೂ ಹೇಳಿತು. ಯಾಕಂದ್ರೆ ಹೋಮ್‌ಕಿಟ್ ಮನೆಯೊಳಗಿನ ನೆಟ್‌ವರ್ಕ್‌ನಲ್ಲೇ ಮಾತಾಡುತ್ತೆ. ಅದೇ ಪ್ಲಗ್, ಅದೇ ಬೆಲೆ. ಒಬ್ಬರ ಮನೇಲಿ ಸತ್ತು ಹೋಗುತ್ತೆ, ಪಕ್ಕದ ಮನೇಲಿ ಬದುಕಿರುತ್ತೆ. ಈ ವ್ಯತ್ಯಾಸ ನೆನಪಿಟ್ಕೊಳ್ಳಿ, ಇದಕ್ಕೆ ಮತ್ತೆ ಬರ್ತೀನಿ.

ಇನ್‌ಸ್ಟಿಯಾನ್ ಕಥೆ ಇನ್ನೂ ಜೋರು. 2022ರ ಏಪ್ರಿಲ್ ಮಧ್ಯದಲ್ಲಿ ಒಂದು ಮಾತೂ ಹೇಳದೆ ಅದರ ಸರ್ವರ್‌ಗಳು ನಿಂತು ಹೋದವು. ಗಿರಾಕಿಗಳ ಆ್ಯಪ್ ಕೈಕೊಡ್ತು. ಆದ್ರೆ ಅದೇ ಹಬ್ ಅನ್ನು ಮನೆಯೊಳಗಿನ ಸ್ವಂತ ಸಾಫ್ಟ್‌ವೇರ್‌ಗೆ ಜೋಡಿಸಿದ್ದವರ ಲೈಟುಗಳು ಎಂದಿನಂತೆ ಹತ್ತುತ್ತಿದ್ದವು. ಕೊನೆಗೆ ಜೂನ್‌ನಲ್ಲಿ ಆ ಸಾಧನ ಬಳಸುತ್ತಿದ್ದ ಕೆಲವರೇ ಸೇರಿ ಆ ಕಂಪನಿಯನ್ನ ಕೊಂಡುಕೊಂಡು ಮತ್ತೆ ನಡೆಸಿದ್ರು. ಅದು ಅವರ ಅದೃಷ್ಟ. ನಮ್ಮಪ್ಪ ಹನ್ನೊಂದು ಅಡಿಕೆ ಸಸಿಗೋಸ್ಕರ ಕಂಪನಿ ಕೊಳ್ಳೋಕಾಗಲ್ಲ.

ಕಂಪನಿ ಗಟ್ಟಿಮುಟ್ಟಾಗಿದ್ರೂ ಸರ್ವರ್ ಒಂದೊಂದು ದಿನ ಮಲಗುತ್ತೆ. 2025ರ ಅಕ್ಟೋಬರ್ 20, ದೀಪಾವಳಿ ಟೈಮು, ನೆನಪಿರಬಹುದು. ಅಮೆಜಾನ್‌ನ ಎಡಬ್ಲ್ಯುಎಸ್ ಕ್ಲೌಡ್‌ನಲ್ಲಿ, ಅಮೆರಿಕದ ವರ್ಜೀನಿಯಾದ ಕೇಂದ್ರದಲ್ಲಿ ದೊಡ್ಡ ತೊಂದರೆ ಆಯ್ತು. ಅಲೆಕ್ಸಾ, ರಿಂಗ್ ಡೋರ್‌ಬೆಲ್ ಎಲ್ಲಾ ತಡವರಿಸಿದವು. ಎಯ್ಟ್ ಸ್ಲೀಪ್ ಅಂತ ಒಂದು ದುಬಾರಿ ಸ್ಮಾರ್ಟ್ ಹಾಸಿಗೆ ಇದೆ, ತಣ್ಣಗೆ ಬಿಸಿ ಎಲ್ಲಾ ಆ್ಯಪಲ್ಲೇ. ಅವತ್ತು ಕೆಲವರ ಹಾಸಿಗೆ ಬಿಸಿಯಾಗಿಯೇ ಉಳೀತು, ಕೆಲವರದ್ದು ಎತ್ತಿದ ಭಂಗಿಯಲ್ಲೇ ನಿಂತು ಬಿಡ್ತು. ಹಾಸಿಗೆ ಮನೇಲಿ, ಮಲಗೋನು ಮನೇಲಿ, ತೊಂದರೆ ವರ್ಜೀನಿಯಾದಲ್ಲಿ. ಆಮೇಲೆ ಆ ಕಂಪನಿ ಇಂಟರ್ನೆಟ್ ಇಲ್ಲದಾಗ ಬ್ಲೂಟೂತ್‌ನಲ್ಲೇ ಹಾಸಿಗೆ ನಿಯಂತ್ರಿಸೋ ವ್ಯವಸ್ಥೆ ತಂತು. ಅಂದ್ರೆ ಮೊದಲೇ ಹಾಗೆ ಮಾಡಬಹುದಿತ್ತು.

ಇನ್ನು ಕ್ಯಾಮೆರಾ. 2024ರ ಫೆಬ್ರುವರಿಯಲ್ಲಿ ವೈಜ್ ಅನ್ನೋ ಕ್ಯಾಮೆರಾ ಕಂಪನಿಯಲ್ಲಿ ಒಂದು ಗೊಂದಲ ಆಗಿ, ಸುಮಾರು 13,000 ಗ್ರಾಹಕರಿಗೆ ಬೇರೆಯವರ ಮನೆಯ ಚಿತ್ರಗಳು ಕಾಣಿಸಿದವು. ಕಂಪನಿಯೇ ಒಪ್ಕೊಂಡ ಸಂಖ್ಯೆ ಇದು. ಅಜ್ಜಿನ ನೋಡ್ಕೊಳ್ಳೋಕೆ ಅಂತ ಹಾಲಲ್ಲಿ ಕ್ಯಾಮೆರಾ ಇಟ್ಟಿರ್ತೀವಿ. ಆ ಚಿತ್ರ ಬೇರೆಯವರ ಕಂಪ್ಯೂಟರ್‌ನಲ್ಲಿ ಇದೆ ಅನ್ನೋದು ಇಂಥ ದಿನ ಮಾತ್ರ ನೆನಪಾಗುತ್ತೆ.

ಇದನ್ನೆಲ್ಲಾ ಓದಿ ನನಗೆ ರಕ್ತ ಬಿಸಿಯಾಯ್ತು. ಸರಿ, ನಾನೇ ಮಾಡ್ತೀನಿ ಅಂತ ಹೊರಟೆ.

ಇದಕ್ಕೆ ಸೆಲ್ಫ್ ಹೋಸ್ಟಿಂಗ್ ಅಂತಾರೆ. ಕಂಪನಿಯ ಸರ್ವರ್ ಬದಲು ನಿಮ್ಮದೇ ಒಂದು ಸರ್ವರ್. ಕೇಳೋಕೆ ದೊಡ್ಡದು, ಆದ್ರೆ ಮೂಲೇಲಿ ಬಿದ್ದಿರೋ ಹಳೇ ಲ್ಯಾಪ್‌ಟಾಪ್ ಸಾಕು, ಇಲ್ಲಾ ರಾಸ್ಪ್‌ಬೆರಿ ಪೈ ಅಂತ ಅಂಗೈಯಗಲದ ಕಂಪ್ಯೂಟರ್ ಸಾಕು. ಅದು ಸುಮಾರು ಐದು ವ್ಯಾಟ್ ತಗೊಂಡ್ರೂ, ದಿನವಿಡೀ ಓಡಿದ್ರೆ ತಿಂಗಳಿಗೆ ನಾಲ್ಕು ಯೂನಿಟ್ ಒಳಗೇ. ಅದರಲ್ಲಿ ಹಾಕೋಕೆ ಹೋಮ್ ಅಸಿಸ್ಟೆಂಟ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಪೌಲುಸ್ ಸ್ಕೌಟ್ಸನ್ ಅನ್ನೋರು 2013ರಲ್ಲಿ ಶುರು ಮಾಡಿದ್ದು. 2024ರಿಂದ ಅದು ಓಪನ್ ಹೋಮ್ ಫೌಂಡೇಶನ್ ಅನ್ನೋ ಲಾಭರಹಿತ ಸಂಸ್ಥೆಯ ಕೈಲಿದೆ. ಬೇರೆ ಬೇರೆ ಕಂಪನಿಯ ಬಲ್ಬು, ಪ್ಲಗ್ಗು, ಸೆನ್ಸರ್ ಎಲ್ಲಾ ಒಂದೇ ಕಡೆ ತರುತ್ತೆ, ಅದೂ ಮನೆಯೊಳಗೇ.

ಬೆಂಗಳೂರಿನ ನನ್ನ ಬಾಡಿಗೆ ಮನೇಲಿ ಇದನ್ನ ಹಾಕಿದೆ. ಒಂದು ಭಾನುವಾರ ಪೂರ್ತಿ ಹೋಯ್ತು. ಆದ್ರೆ ಇಂಟರ್ನೆಟ್ ಹೋದ್ರೂ ಲೈಟ್ ಹತ್ತಿದಾಗ ಆದ ಖುಷಿ ಇದೆಯಲ್ಲ, ಅದು ಬೇರೆ.

ಆಮೇಲೆ ಧೈರ್ಯ ಬಂತು. ತೋಟದ ಮೋಟರ್‌ಗೂ ಮಾಡೋಣ ಅಂತ ಹೊರಟೆ. ತೋಟದಲ್ಲಿ ವೈಫೈ ಇಲ್ಲ, ಹಾಗಾಗಿ ಸಿಮ್ ಹಾಕೋ ಒಂದು ಚಿಕ್ಕ ಬೋರ್ಡ್ ತಗೊಂಡೆ. ಮಾತಾಡೋಕೆ ಎಂಕ್ಯೂಟಿಟಿ ಅನ್ನೋ ಪ್ರೋಟೋಕಾಲ್. ಇದು 1999ರದ್ದು, ಮರುಭೂಮಿಯಲ್ಲಿ ಹಾದು ಹೋಗೋ ತೈಲ ಪೈಪ್‌ಲೈನ್‌ಗಳ ಮಾಹಿತಿಯನ್ನ ಉಪಗ್ರಹದ ಮೂಲಕ ಕಡಿಮೆ ಡೇಟಾದಲ್ಲಿ ಕಳಿಸೋಕೆ ಅಂತ ಮಾಡಿದ್ದು. ಮರುಭೂಮಿಗೆ ಆದದ್ದು ನಮ್ಮ ತೋಟಕ್ಕೆ ಆಗಲ್ವಾ? ತಿಂಗಳ ಬಾಡಿಗೆಗೆ ಒಂದು ಪುಟ್ಟ ಸರ್ವರ್ ತಗೊಂಡೆ, ಅದರಲ್ಲಿ ಎಲ್ಲಾ ಸೆಟ್ ಮಾಡಿದೆ. ತ್ರೀ ಫೇಸ್ ವೈರಿಂಗ್ ಮಾತ್ರ ನಾನು ಮುಟ್ಟಲಿಲ್ಲ, ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿದೆ. ನೀವೂ ಮುಟ್ಟಬೇಡಿ. ಅಪ್ಪ ಒಂದೇ ಕಂಡೀಷನ್ ಹಾಕಿದ್ರು: "ಹಳೇ ಸ್ಟಾರ್ಟ್ರಿನ ಬಟನ್ ಇದ್ದಂಗೇ ಇರ್ಬೇಕು. ಅದನ್ನ ಕಿತ್ರೆ ನಾನು ಒಪ್ಪಕಿಲ್ಲ." ಸರಿ ಅಂತ ಬಿಟ್ಟೆ.

ಜುಲೈನಿಂದ ಚೆನ್ನಾಗಿ ನಡೀತು. ನಾನು ಫ್ರೆಂಡ್ಸ್ ಹತ್ರ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಡಿಸೆಂಬರ್‌ನಲ್ಲಿ ಒಂದು ದಿನ ಮತ್ತೆ ಬೆಳಿಗ್ಗೆ ಐದೂವರೆಗೆ ಫೋನ್.

"ಮಗಾ, ನಿನ್ ಕಂಪ್ನಿನೂ ಮುಚ್ಚೋಯ್ತಾ?"

ಎದ್ದು ನೋಡಿದ್ರೆ, ಆಗಿದ್ದು ಇಷ್ಟು. ಆ ಬಾಡಿಗೆ ಸರ್ವರ್‌ಗೆ ಕೊಟ್ಟಿದ್ದ ನನ್ನ ಕಾರ್ಡ್ ಎಕ್ಸ್‌ಪೈರ್ ಆಗಿತ್ತು. ಹೊಸ ಕಾರ್ಡ್ ಬಂದಿತ್ತು, ಅಲ್ಲಿ ಬದಲಾಯಿಸಿರಲಿಲ್ಲ. ಬಿಲ್ ಕಟ್ಟಿ ಅಂತ ಮೂರು ಮೇಲ್ ಬಂದಿದ್ದವು, ಪ್ರಮೋಷನ್ಸ್ ಫೋಲ್ಡರಲ್ಲಿ ಕೂತಿದ್ದವು. ಸರ್ವರ್ ಸಸ್ಪೆಂಡ್. ಕಾಮರ್ಸ್ ಓದಿ, ಒಂದು ಸಲದ ಆದಾಯ, ಪ್ರತಿ ತಿಂಗಳ ಖರ್ಚು ಅಂತೆಲ್ಲಾ ಭಾಷಣ ಮಾಡೋ ನಾನೇ ಬಿಲ್ ಕಟ್ಟಿರಲಿಲ್ಲ.

ಆವತ್ತು ನನಗೆ ಅರ್ಥ ಆಯ್ತು. ಸೆಲ್ಫ್ ಹೋಸ್ಟಿಂಗ್ ಮಾಡಿದ್ರೆ ಕಂಪನಿ ಮೇಲಿನ ಅವಲಂಬನೆ ಹೋಗುತ್ತೆ ಅಂದ್ಕೊಂಡಿದ್ದೆ. ನಿಜವಾಗಿ ಆಗಿದ್ದು, ನಾನೇ ಕಂಪನಿ ಆದೆ. ಅಪ್ಪನ ಪಾಲಿಗೆ ಏನೂ ಬದಲಾಗಿರಲಿಲ್ಲ. ಮೊದಲು ಕಸ್ಟಮರ್ ಕೇರ್‌ಗೆ ಫೋನ್ ಮಾಡ್ತಿದ್ರು, ಈಗ ಮಗನಿಗೆ. ಮಗನಿಗೆ ಜ್ವರ ಬಂದ್ರೆ, ಮಗ ಟ್ರೆಕ್ಕಿಂಗ್ ಹೋದ್ರೆ, ಮಗ ಫಾರಿನ್‌ಗೆ ಹೋದ್ರೆ ಸಪೋರ್ಟ್ ಇಲ್ಲ.

ಇನ್ನೊಂದು ಅಪಾಯವೂ ಇದೆ, ಇದನ್ನ ಹೇಳದೆ ಹೋದ್ರೆ ತಪ್ಪಾಗುತ್ತೆ. ಯೂಟ್ಯೂಬ್ ನೋಡಿ ರೂಟರ್‌ನಲ್ಲಿ ಪೋರ್ಟ್ ತೆಗೆದು, ಮನೆ ಕ್ಯಾಮೆರಾನ ಇಂಟರ್ನೆಟ್‌ಗೆ ನೇರವಾಗಿ ತೆರೆದಿಡ್ತಾರೆ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಮಾಡಿದ್ದು ಇಂಥವನ್ನೇ ಹುಡುಕೋ ಕೆಲಸ. ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ, ಡಿವಿಆರ್, ರೂಟರ್‌ಗಳು. ಅದರ ಹತ್ರ ಇದ್ದಿದ್ದು ಸುಮಾರು 60 ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೇ. ಆ ಪಟ್ಟಿಯಿಂದಲೇ ಕಟ್ಟಿದ ಸೈನ್ಯ ಅಕ್ಟೋಬರ್ 21ರಂದು ಡಿನ್ ಅನ್ನೋ ಕಂಪನಿ ಮೇಲೆ ಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಬಹಳ ಜನರಿಗೆ ಸಿಗದ ಹಾಗೆ ಮಾಡಿತು. ಸ್ವಂತ ಸರ್ವರ್ ಅಂದ್ರೆ ಅದರ ಬೀಗವೂ ನಿಮ್ಮದೇ ಜವಾಬ್ದಾರಿ. ಹೊರಗಿಂದ ಮನೆ ನೆಟ್‌ವರ್ಕ್‌ಗೆ ಬರಲೇಬೇಕು ಅಂದ್ರೆ ಪೋರ್ಟ್ ತೆಗೀಬೇಡಿ, ವಿಪಿಎನ್ ಬಳಸಿ. ಟೇಲ್‌ಸ್ಕೇಲ್‌ನಂಥವು ಸಿಜಿ-ನ್ಯಾಟ್ ಇದ್ರೂ ಕೆಲಸ ಮಾಡುತ್ತವೆ.

ಈಗ ಆ ಡಿಸೆಂಬರ್ ಬೆಳಿಗ್ಗೆಗೆ ವಾಪಸ್ ಬರೋಣ. ನನ್ನ ಸರ್ವರ್ ನಿಂತಿದ್ದಕ್ಕೆ ಎಷ್ಟು ಸಸಿ ಒಣಗಿದವು ಗೊತ್ತಾ? ಒಂದೂ ಇಲ್ಲ. ಅಪ್ಪ ನನಗೆ ಫೋನ್ ಮಾಡಿದ್ದು ತೋಟದಿಂದ. ಮೋಟರ್ ಆಗಲೇ ಓಡ್ತಿತ್ತು, ಹಿಂದೆ ಶಬ್ದ ಕೇಳಿಸ್ತಿತ್ತು. ಆ್ಯಪ್ ಆಗಲಿಲ್ಲ, ನಡ್ಕೊಂಡು ಹೋದ್ರು, ಹಸಿರು ಬಟನ್ ಒತ್ತಿದ್ರು, ಮುಗೀತು. ಆಮೇಲೆ ನನ್ನ ಕಾಲೆಳೆಯೋಕೆ ಫೋನ್ ಮಾಡಿದ್ರು.

ಎರಡು ಸಲ ಸರ್ವರ್ ಸತ್ತಿತು. ಒಂದು ಸಲ ಕಂಪನಿಯದ್ದು, ಒಂದು ಸಲ ನನ್ನದು. ನಷ್ಟ ಆಗಿದ್ದು ಮೊದಲನೇ ಸಲ ಮಾತ್ರ. ವ್ಯತ್ಯಾಸ ಸರ್ವರ್ ಯಾರದ್ದು ಅನ್ನೋದರಲ್ಲಿ ಇರಲಿಲ್ಲ, ಆ ಹಸಿರು ಬಟನ್‌ನಲ್ಲಿತ್ತು. ಕ್ಲೌಡ್ ಬೇಕಾ, ಸ್ವಂತ ಸರ್ವರ್ ಬೇಕಾ ಅಂತ ಗಂಟೆಗಟ್ಟಲೆ ವಾದ ಮಾಡ್ತೀವಿ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಸರ್ವರೂ ಇಲ್ಲದಾಗ ಈ ಸಾಮಾನು ತನ್ನ ಮೂಲ ಕೆಲಸ ಮಾಡುತ್ತಾ? ಮೊದಲೇ ಹೇಳಿದ ಆ ಪ್ಲಗ್ ಕಥೆಯೂ ಇದೇ. ಮನೆಯೊಳಗೇ ಮಾತಾಡೋ ದಾರಿ ಇದ್ದವರ ಮನೇಲಿ ಅದು ಬದುಕಿರುತ್ತೆ.

ಹಾಗಾದ್ರೆ ಅಂಗಡೀಲಿ ನಿಂತಾಗ ಏನು ನೋಡಬೇಕು? ನಾನು ಈಗ ಮಾಡೋದು ಹೇಳ್ತೀನಿ.

ಮೊದಲನೇದು, ಕೈಯಲ್ಲಿ ಒತ್ತೋ ಬಟನ್ ಇದೆಯಾ? ಸ್ಮಾರ್ಟ್ ಬೀಗಕ್ಕೆ ಕೀ ತೂತಿದೆಯಾ, ಗೀಸರ್‌ಗೆ ಮಾಮೂಲಿ ಸ್ವಿಚ್ ಇದೆಯಾ, ಮೋಟರ್ ಪ್ಯಾನೆಲ್‌ನಲ್ಲಿ ಮ್ಯಾನುಯಲ್ ಅಂತ ತಿರುಗಿಸೋ ನಾಬ್ ಇದೆಯಾ? ಇದ್ರೆ ಸಾಲದು, ಫಿಟ್ ಮಾಡೋನು ಅದಕ್ಕೆ ವೈರ್ ಕೊಟ್ಟಿದ್ದಾನಾ ಅಂತ ಒತ್ತಿ ನೋಡಿ.

ಎರಡನೇದು, ರೂಟರ್ ಟೆಸ್ಟ್. ಹೊಸ ಡಿವೈಸ್ ಬಂದ ದಿನವೇ, ವಾಪಸ್ ಕೊಡೋ ಅವಧಿ ಮುಗಿಯೋ ಮುಂಚೆ, ರೂಟರ್‌ಗೆ ಬರೋ ಇಂಟರ್ನೆಟ್ ಕೇಬಲ್ ತೆಗೀರಿ. ವೈಫೈ ಇರಲಿ, ಇಂಟರ್ನೆಟ್ ಮಾತ್ರ ಬೇಡ. ಫೋನಲ್ಲಿ ಮೊಬೈಲ್ ಡೇಟಾನೂ ಆಫ್ ಮಾಡಿ. ಈಗ ಆ್ಯಪ್‌ನಿಂದ ಲೈಟ್ ಹತ್ತುತ್ತಾ? ಟೈಮರ್ ನಡೆಯುತ್ತಾ? ಕ್ಯಾಮೆರಾ ಮೆಮೊರಿ ಕಾರ್ಡ್‌ಗೆ ರೆಕಾರ್ಡ್ ಮಾಡುತ್ತಾ? ಐದು ನಿಮಿಷದಲ್ಲಿ ಉತ್ತರ ಸಿಗುತ್ತೆ, ಯಾವ ರಿವ್ಯೂನೂ ಬೇಡ.

ಮೂರನೇದು, ಡಬ್ಬದ ಮೇಲೆ ಬರೆದಿರೋದು ಓದಿ. ಮ್ಯಾಟರ್ ಅನ್ನೋ ಗುರುತು ಇದ್ರೆ ಒಳ್ಳೇದು. 2022ರ ಅಕ್ಟೋಬರ್‌ನಲ್ಲಿ ಬಂದ ಈ ಮಾನದಂಡದಲ್ಲಿ ಡಿವೈಸ್‌ಗಳು ಮನೆಯೊಳಗೇ ಮಾತಾಡಬೇಕು. ಜಿಗ್‌ಬೀ ಆದ್ರೂ ಆಗುತ್ತೆ, ಆದ್ರೆ ಅದನ್ನ ನಡೆಸೋ ಹಬ್ ಇಂಟರ್ನೆಟ್ ಇಲ್ಲದೆ ಓಡುತ್ತಾ ನೋಡ್ಕೊಳ್ಳಿ. ಕ್ಯಾಮೆರಾ ಆದ್ರೆ ಓಎನ್‌ವಿಐಎಫ್ ಅಥವಾ ಆರ್‌ಟಿಎಸ್‌ಪಿ ಇದೆಯಾ ಕೇಳಿ. ಇದ್ರೆ ಕಂಪನಿ ಹೋದ್ರೂ ಬೇರೆ ರೆಕಾರ್ಡರ್‌ಗೆ ಜೋಡಿಸಬಹುದು.

ನಾಲ್ಕನೇದು, ತಿಂಗಳ ಚಂದಾ ಇಲ್ಲ, ಎಲ್ಲಾ ಫ್ರೀ, ಜೀವನಪರ್ಯಂತ ಅಂದ್ರೆ ಸ್ವಲ್ಪ ನಿಲ್ಲಿ. ಸರ್ವರ್ ಖರ್ಚು ಯಾರು ಕಟ್ತಾರೆ ಅಂತ ಲೆಕ್ಕ ಹಾಕಿ. ಉತ್ತರ ಸಿಗದಿದ್ರೆ ಮುಂದೊಂದು ದಿನ ನೀವೇ ಕಟ್ತೀರ, ಇಲ್ಲಾ ಡಿವೈಸ್ ನಿಲ್ಲುತ್ತೆ.

ಐದನೇದು, ಸ್ವಂತ ಸರ್ವರ್ ಮಾಡೋರಿಗೆ. ನೀವು ಇಲ್ಲದಾಗ ಮನೇಲಿ ಯಾರು ನೋಡ್ಕೋತಾರೆ? ಒಂದು ಪುಟದಲ್ಲಿ, ಕನ್ನಡದಲ್ಲಿ, ಏನು ಎಲ್ಲಿದೆ, ಕೆಟ್ಟರೆ ಯಾವ ವೈರ್ ತೆಗೆದು ಯಾವ ಬಟನ್ ಒತ್ತಬೇಕು ಅಂತ ಬರೆದು ಗೋಡೆಗೆ ಅಂಟಿಸಿ. ಬ್ಯಾಕಪ್ ತಗೊಳ್ಳಿ. ಬಿಲ್ ಇದ್ರೆ ಕ್ಯಾಲೆಂಡರ್‌ನಲ್ಲಿ ಹಾಕಿ. ಇದಕ್ಕೆಲ್ಲ ಪುರುಸೊತ್ತಿಲ್ಲ ಅಂದ್ರೆ ಒಳ್ಳೇ ಕಂಪನಿಯ ಕ್ಲೌಡೇ ಸಾಕು, ಅದರಲ್ಲಿ ನಾಚಿಕೆ ಏನಿಲ್ಲ. ಮೊದಲ ಎರಡು ಪ್ರಶ್ನೆ ಮಾತ್ರ ಬಿಡಬೇಡಿ.

ಕೊನೇಗೆ ಅಪ್ಪನ ಮೋಟರ್ ಏನಾಯ್ತು ಅಂತ ಹೇಳಿಬಿಡ್ತೀನಿ. ನನ್ನ ಸರ್ವರ್ ಬಿಲ್ ಕಟ್ಟಿದೆ, ವಾಪಸ್ ಬಂತು. ಆದ್ರೆ ಜನವರಿಯಲ್ಲಿ ಅಪ್ಪ ತಾವೇ ಪೇಟೆಗೆ ಹೋಗಿ, ಪಕ್ಕದ ತೋಟದವರು ಎಷ್ಟೋ ವರ್ಷದಿಂದ ಬಳಸ್ತಿರೋ ಮೊಬೈಲ್ ಸ್ಟಾರ್ಟರ್ ತಂದು ಹಾಕಿಸ್ಕೊಂಡ್ರು. ಅದಕ್ಕೆ ಆ್ಯಪೂ ಬೇಡ, ಸರ್ವರೂ ಬೇಡ. ಅದರೊಳಗೊಂದು ಸಿಮ್. ಅಪ್ಪ ಆ ನಂಬರ್‌ಗೆ ಫೋನ್ ಮಾಡ್ತಾರೆ, ಒಂದು ಒತ್ತಿದ್ರೆ ಆನ್, ಇನ್ನೊಂದು ಒತ್ತಿದ್ರೆ ಆಫ್. ಯಾವ ನಂಬರಿಂದ ಫೋನ್ ಬಂದ್ರೆ ಕೇಳಬೇಕು ಅನ್ನೋ ಪಟ್ಟಿ ಡಬ್ಬಿಯೊಳಗೇ ಇದೆ. ಮಾಡಿದ ಕಂಪನಿ ನಾಳೆ ಮುಚ್ಚಿದ್ರೂ ಡಬ್ಬಿಗೆ ಗೊತ್ತಾಗಲ್ಲ.

ಅದೂ ಪೂರ್ತಿ ಸ್ವತಂತ್ರ ಅಂತಲ್ಲ. ಸಿಮ್‌ಗೆ ರೀಚಾರ್ಜ್ ತಪ್ಪಿದ್ರೆ ನಿಲ್ಲುತ್ತೆ. ಇಂಥ ಹಳೇ ಡಬ್ಬಿಗಳು 2ಜಿ ಮೇಲೆ ನಡೆಯೋದು, ಜಿಯೋ ಸಿಮ್ ಅದಕ್ಕೆ ಆಗಲ್ಲ, ಮುಂದೆ ಬೇರೆಯವರೂ 2ಜಿ ನಿಲ್ಲಿಸಿದ್ರೆ ಡಬ್ಬಿ ಬದಲಾಯಿಸಬೇಕು. ಟವರ್‌ಗೆ ಕರೆಂಟ್ ಹೋದ್ರೂ ಕಷ್ಟ. ಇದನ್ನೆಲ್ಲಾ ನಾನು ಅಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ, "ಅದ್ಕೇ ಕಣೋ ಟಾರ್ಚಿಗೆ ಹೊಸ ಸೆಲ್ ಹಾಕಿಟ್ಟಿದೀನಿ" ಅಂದ್ರು.

ಈ ಮಳೆಗಾಲಕ್ಕೆ ಆ ಹನ್ನೊಂದು ಗುಂಡಿಗೆ ಹೊಸ ಸಸಿ ಇಡ್ತೀವಿ. ನಾನು ಊರಿಗೆ ಹೋಗ್ತೀನಿ, ಗುಂಡಿ ತೋಡೋಕೆ ನನ್ನನ್ನೇ ಕರೆದಿದ್ದಾರೆ.

ನಿಮಗೆ ಒಂದು ಹೋಮ್‌ವರ್ಕ್. ಇವತ್ತು ರಾತ್ರಿ ಊಟ ಆದ ಮೇಲೆ ಐದು ನಿಮಿಷ ಆ ಇಂಟರ್ನೆಟ್ ಕೇಬಲ್ ತೆಗೆದು, ಮನೇಲಿ ಏನೇನು ಕೆಲಸ ಮಾಡುತ್ತೆ, ಏನೇನು ಸುಮ್ಮನಾಗುತ್ತೆ ನೋಡಿ. ಕ್ರಿಕೆಟ್ ಮ್ಯಾಚ್ ಟೈಮಲ್ಲಿ ಮಾತ್ರ ಬೇಡ, ಮನೆಯವರು ಬೈದ್ರೆ ನನ್ನ ಹೆಸರು ಹೇಳಬೇಡಿ. ಏನಾಯ್ತು ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ಕೆಲವನ್ನ ಕೇಳಿಸ್ತೀನಿ. ಮತ್ತೆ ಸಿಗೋಣ, ನಮಸ್ಕಾರ.